‘ಉದಾಸೀನ’ವನ್ನು ವಾಕ್ಯದಲ್ಲಿ ಕೂರಿಸುವುದು ಹೇಗೆ?

ಪ್ರಶ್ನೆ: ನನ್ನ ತವರು ಶೃಂಗೇರಿಯ ಕಡೆ; ಮದುವೆಯಾದ ಮೇಲೆ ಹಾಸನದಲ್ಲಿದ್ದೇವೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಗೆ ಕಿರುಪರೀಕ್ಷೆಯಲ್ಲಿ ‘ಉದಾಸೀನ’ ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಲು ಕೇಳಿದ್ದರು. ಅವಳು ‘ಮಳೆ ಬಂದರೆ ನನಗೆ ಶಾಲೆಗೆ ಹೋಗಲು ಉದಾಸೀನ’ ಎಂದು ಬರೆದಳು. ಅದಕ್ಕೆ ಅಂಕ ಸಿಗಲಿಲ್ಲ, ಪಕ್ಕದಲ್ಲಿ ‘ಅರ್ಥ ತಪ್ಪು’ ಎಂದು ಬರೆದಿದ್ದಾರೆ. ನಮ್ಮ ತಾಯಿ ದಿನವೂ ಮಾತನಾಡುವುದು ಹಾಗೆಯೇ. ಹಾಗಾದರೆ ತಪ್ಪಾದದ್ದು ಎಲ್ಲಿ? ‘ಉದಾಸೀನತೆ’, ‘ಔದಾಸೀನ್ಯ’ ಇವುಗಳಲ್ಲಿ ಯಾವುದು ಸರಿ? ನಿರ್ಲಕ್ಷ್ಯ, ಅಸಡ್ಡೆ ಎಂದರೂ ಇದೇ ಅರ್ಥವೇ?

ಉತ್ತರ: ನಿಮ್ಮ ಮಗಳು ಬರೆದದ್ದು ಒಪ್ಪವಾದ ಕನ್ನಡ ವಾಕ್ಯ. ಅದರಲ್ಲಿ ವಿಭಕ್ತಿ ತಪ್ಪಿಲ್ಲ, ಪದಗಳ ಜೋಡಣೆ ತಪ್ಪಿಲ್ಲ, ಶೃಂಗೇರಿ, ಕೊಪ್ಪದ ಕಡೆಯವರು ಕೇಳಿದರೆ ತಕ್ಷಣ ಅರ್ಥವಾಗುತ್ತದೆ. ಆದರೆ ಆ ವಾಕ್ಯದಲ್ಲಿರುವ ಉದಾಸೀನ ಬೇರೆ, ಪಾಠದ ಕೊನೆಯಲ್ಲಿ ಪದಗಳ ಅರ್ಥ ಕೊಡುವಾಗ ಹೇಳುವ ಉದಾಸೀನ ಬೇರೆ. ಅಜ್ಜಿಯ ಮಾತಿನಲ್ಲಿ ಅದಕ್ಕೆ ಆಲಸ್ಯವೆಂದು ಅರ್ಥ. ಬರೆಹದ ಕನ್ನಡದಲ್ಲಿ ‘ನನಗೇನು’ ಎಂಬ ಮನೋಭಾವವೆಂದು ಅರ್ಥ. ಪರೀಕ್ಷೆ ಕೇಳಿದ್ದು ಎರಡನೆಯದನ್ನು. ಆದ್ದರಿಂದ ಅಂಕ ಕೊಡದಿದ್ದುದಕ್ಕೆ ಕಾರಣವಿದೆ, ಆದರೆ ‘ಅರ್ಥ ತಪ್ಪು’ ಎಂಬ ಟಿಪ್ಪಣಿಯನ್ನು ನಾನು ಬರೆಯುತ್ತಿರಲಿಲ್ಲ. ‘ಇದು ನಿಮ್ಮ ಮನೆಯ ಅರ್ಥ, ಪಾಠದಲ್ಲಿರುವ ಅರ್ಥಕ್ಕೆ ಇನ್ನೊಂದು ವಾಕ್ಯ ಬರೆ’ ಎಂದು ಬರೆಯುತ್ತಿದ್ದೆ. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ಪದವನ್ನು ಧೈರ್ಯವಾಗಿ ಬರೆದ ಮಗುವಿಗೆ ಅದು ತಪ್ಪು ಎಂದಷ್ಟೇ ಹೇಳಿ ಬಿಟ್ಟುಬಿಟ್ಟರೆ, ಮುಂದೆ ಅದು ಪುಸ್ತಕದಲ್ಲಿ ಇಲ್ಲದ ಯಾವ ಮಾತನ್ನೂ ಬರೆಯಲು ಹಿಂಜರಿಯುತ್ತದೆ ಎಂಬುದು ಹಲವು ವರ್ಷ ಕನ್ನಡ ಕಲಿಸಿದ ನನ್ನ ಅನುಭವ.

ಪದದ ಮೂಲದಿಂದ ಹೊರಟರೆ ಎರಡೂ ಅರ್ಥಗಳು ಎಲ್ಲಿ ಕವಲೊಡೆದವು ಎಂಬುದು ಕಾಣುತ್ತದೆ. ‘ಉದಾಸೀನ’ ಸಂಸ್ಕೃತದಿಂದ ಬಂದ ತತ್ಸಮ. ‘ಉದ್’ ಎಂಬ ಉಪಸರ್ಗಕ್ಕೆ ‘ಆಸೀನ’ ಸೇರಿ ಆದದ್ದು. ‘ಆಸ್’ ಎಂದರೆ ಕುಳಿತುಕೊಳ್ಳುವುದು. ಆಸನ, ಪದ್ಮಾಸನ, ಆಸೀನ ಎಲ್ಲವೂ ಆ ಧಾತುವಿನ ಮಕ್ಕಳು. ನಾವಿರುವ ಊರಿನ ಹಳೆಯ ಹೆಸರು ಸಿಂಹಾಸನಪುರಿ ಎಂದು ಇಲ್ಲಿನ ಸ್ಥಳಪುರಾಣ ಹೇಳುತ್ತದೆ. ಆ ಸಿಂಹಾಸನದೊಳಗಿನ ‘ಆಸನ’ವೂ ಉದಾಸೀನದೊಳಗಿನ ‘ಆಸೀನ’ವೂ ಒಂದೇ ಬೇರಿನವು ಎಂದು ಮಗಳಿಗೆ ಹೇಳಿದರೆ ಪದ ಮರೆತುಹೋಗುವುದಿಲ್ಲ. ಹೀಗೆ ಉದಾಸೀನ ಎಂದರೆ ಮೂಲದಲ್ಲಿ, ನಡೆಯುತ್ತಿರುವ ವ್ಯವಹಾರದಿಂದ ಮೇಲಕ್ಕೆ ಅಥವಾ ಹೊರಕ್ಕೆ ಸರಿದು ಕುಳಿತವನು. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ ಒಂಬತ್ತನೆಯ ಶ್ಲೋಕದಲ್ಲಿ ‘ಉದಾಸೀನವದಾಸೀನಂ’ ಎಂಬ ಮಾತು ಬರುತ್ತದೆ. ‘ಉದಾಸೀನನಂತೆ ಕುಳಿತಿರುವ ನನ್ನನ್ನು ಕರ್ಮಗಳು ಕಟ್ಟುವುದಿಲ್ಲ’ ಎಂದು ಭಗವಂತ ತನ್ನ ವಿಷಯವಾಗಿ ಹೇಳಿಕೊಳ್ಳುವ ಮಾತು ಅದು. ಕುಳಿತಿರುವ ಆಸೀನವೂ ಸರಿದು ಕುಳಿತ ಉದಾಸೀನವೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ.

ಗಮನಿಸಬೇಕಾದದ್ದು, ಅಲ್ಲಿ ಈ ಪದದಲ್ಲಿ ನಿಂದೆಯ ಲವಲೇಶವೂ ಇಲ್ಲ. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಸ್ನೇಹಿತ, ಶತ್ರು, ಉದಾಸೀನ, ಮಧ್ಯಸ್ಥ, ಬಂಧು ಎಂದು ಮನುಷ್ಯರನ್ನು ವಿಂಗಡಿಸಿ ಹೇಳುವ ಕಡೆ, ನಿಮ್ಮ ತವರಿನ ಪೀಠದ ಆದ್ಯಾಚಾರ್ಯರೆಂದು ಪರಂಪರೆ ಹೇಳುವ ಶಂಕರರು ತಮ್ಮ ಭಾಷ್ಯದಲ್ಲಿ ಉದಾಸೀನನಿಗೂ ಮಧ್ಯಸ್ಥನಿಗೂ ವ್ಯತ್ಯಾಸ ತೋರಿಸುತ್ತಾರೆ: ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ಜಗಳವಾಡುವ ಇಬ್ಬರಿಗೂ ಒಳ್ಳೆಯದಾಗಲಿ ಎಂದು ಬಯಸುವವನು ಮಧ್ಯಸ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಉದಾಸೀನ ಎಂಬುದು ಒಬ್ಬ ರಾಜನ ಹೆಸರೇ. ಗೆಲ್ಲಹೊರಟ ರಾಜ, ಅವನ ಶತ್ರು, ನಡುವಣ ಮಧ್ಯಮ ಈ ಮೂವರ ವಲಯದಿಂದ ಹೊರಗಿದ್ದು, ಅವರೆಲ್ಲರಿಗಿಂತ ಬಲಶಾಲಿಯಾಗಿರುವವನನ್ನು ಅಲ್ಲಿ ಉದಾಸೀನ ಎನ್ನುತ್ತಾರೆ. ಅವನು ಹೊರಗೆ ಕುಳಿತಿರುವುದು ಕೈಲಾಗದೆ ಅಲ್ಲ.

ಕನ್ನಡಕ್ಕೆ ಬಂದ ಮೇಲೆ ಈ ಪದದಲ್ಲಿ ಎರಡು ಬದಲಾವಣೆಗಳಾದವು, ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ. ಮೊದಲನೆಯದು, ವ್ಯಕ್ತಿಯನ್ನು ಹೇಳುತ್ತಿದ್ದ ಪದ ಆ ವ್ಯಕ್ತಿಯ ಮನೋಭಾವವನ್ನು ಹೇಳುವ ಪದವಾಯಿತು. ಆದ್ದರಿಂದ ಸಂಸ್ಕೃತದಲ್ಲಿ ‘ಅವನು ಉದಾಸೀನ’ ಎಂದರೆ ಸರಿಹೋಗುತ್ತದೆ. ಕನ್ನಡದಲ್ಲಿ ಹಾಗೆ ಬರೆದರೆ ‘ಅವನು ಕೋಪ’ ಎಂದು ಬರೆದಂತೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ವ್ಯಕ್ತಿಯನ್ನೇ ಹೇಳಬೇಕಾದಾಗ ಕನ್ನಡದ ಲಿಂಗಪ್ರತ್ಯಯ ಹಚ್ಚಿ ‘ಅವನು ಉದಾಸೀನನಾಗಿದ್ದನು’, ‘ಅವಳು ಉದಾಸೀನಳಾಗಿ ಕುಳಿತಳು’ ಎಂದು ಬರೆಯಬೇಕು. ಸಂಸ್ಕೃತದ ಪದವನ್ನು ತಂದು ಕನ್ನಡದ ಪ್ರತ್ಯಯದಿಂದ ಕಟ್ಟುವುದು ನಮ್ಮಲ್ಲಿ ಹೊಸತಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ, ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಶಾಸನದಲ್ಲಿಯೇ ಉದ್ದುದ್ದದ ಸಂಸ್ಕೃತ ಸಮಾಸಗಳಿಗೆ ಕನ್ನಡದ ವಿಭಕ್ತಿಗಳು ಅಂಟಿಕೊಂಡಿವೆ.

ಎರಡನೆಯ ಬದಲಾವಣೆ, ಪದಕ್ಕೆ ನಿಂದೆಯ ಬಣ್ಣ ಹತ್ತಿದ್ದು. ಊರವರ ಜಗಳದಿಂದ ಹೊರಗೆ ಕುಳಿತವನನ್ನು ನ್ಯಾಯವಂತ ಎನ್ನಬಹುದು. ತನ್ನ ಮನೆಯ ಕಾಯಿಲೆ, ತನ್ನ ಹೊಲದ ರೋಗ, ತನ್ನ ಮಗುವಿನ ಓದು ಇವುಗಳಿಂದ ಹೊರಗೆ ಕುಳಿತವನನ್ನು ಯಾರೂ ಹಾಗೆನ್ನುವುದಿಲ್ಲ. ಕನ್ನಡಿಗರು ಈ ಪದವನ್ನು ಹೆಚ್ಚಾಗಿ ಬಳಸಿಕೊಂಡದ್ದು ಇಂತಹ ಸಂದರ್ಭಗಳಿಗೆ. ಆದ್ದರಿಂದ ಇವತ್ತಿನ ಕನ್ನಡ ವಾಕ್ಯದಲ್ಲಿ ಉದಾಸೀನ ಬಂತೆಂದರೆ, ‘ಗಮನ ಕೊಡಬೇಕಾದ ವಿಷಯ ಒಂದಿತ್ತು, ಕೊಡಬೇಕಾದವನೊಬ್ಬನಿದ್ದ, ಅವನ ಮನಸ್ಸು ಅದರಿಂದ ಹೊರಗಿತ್ತು’ ಎಂಬ ಮೂರು ಸಂಗತಿಗಳು ಅದರ ಜೊತೆಗೇ ಬರುತ್ತವೆ. ವಾಕ್ಯ ಬರೆಯುವವರು ಈ ಮೂರರಲ್ಲಿ ಯಾವುದನ್ನು ಬಿಟ್ಟರೂ ಓದುವವರಿಗೆ ಏನೋ ಕೊರತೆಯಾದಂತೆ ಅನ್ನಿಸುತ್ತದೆ.

ಇನ್ನು ಈ ಪದ ವಾಕ್ಯದಲ್ಲಿ ಯಾವ ಯಾವ ರೀತಿಯಲ್ಲಿ ಕೂರುತ್ತದೆ ಎಂಬುದನ್ನು ನೋಡೋಣ. ಬಹಳ ಬಳಕೆಯಲ್ಲಿರುವುದು ‘ಉದಾಸೀನ ಮಾಡು’. ಇಲ್ಲಿ ಯಾವುದರಿಂದ ಮನಸ್ಸು ಹೊರಗುಳಿಯಿತೋ ಅದು ದ್ವಿತೀಯಾ ವಿಭಕ್ತಿಯಲ್ಲಿರಬೇಕು. ‘ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡದೆ ಉದಾಸೀನ ಮಾಡಿದರೆ ಮುಂದೆ ಅಕ್ಕಪಕ್ಕದ ಗಿಡಗಳಿಗೂ ಹುಳು ಹತ್ತುತ್ತದೆ’ ಎಂದು ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೇಳುವಾಗ ಈ ರೂಪವೇ ಬರುತ್ತದೆ. ‘ಎರಡು ದಿನದ ಜ್ವರವನ್ನು ಉದಾಸೀನ ಮಾಡಬೇಡಿ’, ‘ಆಲೂಗಡ್ಡೆಗೆ ಅಂಗಮಾರಿ ತಗುಲಿದ ಲಕ್ಷಣವನ್ನು ಉದಾಸೀನ ಮಾಡಿದ್ದರಿಂದ ಹೊಲವೇ ಹೋಯಿತು’ ಎಂಬ ವಾಕ್ಯಗಳೂ ಹೀಗೆಯೇ. ಮಕ್ಕಳು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ‘ನನ್ನ ಮಾತಿಗೆ ಬೆಲೆ ಕೊಡಲಿಲ್ಲ’, ‘ನನ್ನ ಮಾತಿಗೆ ಕಿವಿಗೊಡಲಿಲ್ಲ’ ಎಂಬ ರೂಢಿಯ ನೆನಪಿನಲ್ಲಿ ‘ನನ್ನ ಮಾತಿಗೆ ಉದಾಸೀನ ಮಾಡಿದ’ ಎಂದು ಬರೆಯುತ್ತಾರೆ. ಅದು ‘ನನ್ನ ಮಾತನ್ನು ಉದಾಸೀನ ಮಾಡಿದ’ ಎಂದಿರಬೇಕು.

ಮಾಡುವ ಕೆಲಸಕ್ಕಿಂತ ಮನಸ್ಸಿನ ಸ್ಥಿತಿಯನ್ನೇ ಹೇಳಬೇಕೆಂದಾಗ ‘ಬಗ್ಗೆ’, ‘ವಿಷಯದಲ್ಲಿ’, ‘ಕುರಿತು’ ಎಂಬ ಪದಗಳ ಜೊತೆ ‘ತೋರು’, ‘ತಾಳು’, ‘ಇರು’ ಎಂಬ ಕ್ರಿಯೆಗಳು ಬರುತ್ತವೆ: ‘ಊರ ಕೆರೆಯ ಹೂಳಿನ ವಿಷಯದಲ್ಲಿ ಎಲ್ಲರೂ ಉದಾಸೀನ ತಾಳಿದ್ದಾರೆ’, ‘ಮಗನ ಓದಿನ ಬಗ್ಗೆ ಅವರಿಗೆ ಉದಾಸೀನವಿದೆ’. ನೋಟ, ಮಾತು, ನಡೆಗಳನ್ನು ಬಣ್ಣಿಸುವುದಾದರೆ ‘ಉದಾಸೀನದಿಂದ ನೋಡಿದ’, ‘ಉದಾಸೀನವಾಗಿ ಉತ್ತರ ಕೊಟ್ಟಳು’ ಎನ್ನಬೇಕು.

ಈಗ ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ‘ನಂಗೆ ಇವತ್ತು ಬಟ್ಟೆ ಒಗೀಲಿಕ್ಕೆ ಉದಾಸೀನ ಆಗ್ತದೆ’ ಎಂಬ ಬಗೆಯ ಮಾತು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕನ್ನಡದಲ್ಲಿ ತೀರ ಸಾಮಾನ್ಯ. ತುಳುವಿನಲ್ಲಿಯೂ ಈ ಪದಕ್ಕೆ ಆಲಸ್ಯವೆಂಬ ಅರ್ಥವೇ ಇದೆ. ಘಟ್ಟದ ಅಂಚಿನಲ್ಲಿರುವ ಶೃಂಗೇರಿ, ಕೊಪ್ಪ, ಮೂಡಿಗೆರೆಯ ಸೀಮೆಗಳಿಗೂ ಕರಾವಳಿಗೂ ಮದುವೆ, ವ್ಯಾಪಾರ, ಪೂಜೆ, ಕೂಲಿ ಎಲ್ಲದರಲ್ಲಿಯೂ ಹಳೆಯ ನಂಟಿದೆ. ಪದದ ಅರ್ಥವೂ ಆ ನಂಟಿನ ದಾರಿಯಲ್ಲಿಯೇ ಓಡಾಡುತ್ತದೆ. ಹಾಸನದ ಬಯಲಿನವರು ಅದೇ ಸಂದರ್ಭದಲ್ಲಿ ‘ಒಗೆಯೋಕೆ ಬೇಜಾರು’ ಎನ್ನುತ್ತಾರೆ. ಇನ್ನೊಬ್ಬರನ್ನು ಬೈಯುವಾಗಲಾದರೆ ‘ಮೈಗಳ್ಳ’ ಎನ್ನುತ್ತಾರೆ. ಆದ್ದರಿಂದಲೇ ನಿಮ್ಮ ಮಗಳ ಉತ್ತರಪತ್ರಿಕೆ ತಿದ್ದಿದವರ ಕಿವಿಗೆ ಆ ವಾಕ್ಯ ಅಪರಿಚಿತವೆನಿಸಿರಬಹುದು. ಮೂಲಾರ್ಥಕ್ಕೆ ಇದು ದೂರವೂ ಅಲ್ಲ. ಉದಾಸೀನ ಎಂದರೆ ಹೊರಗೆ ಕುಳಿತಿರುವುದು ತಾನೆ? ಕೆಲಸ ಎದುರಿಗಿರುವಾಗ ಎದ್ದೇಳದೆ ಕುಳಿತೇ ಇರುವವನ ಮೈಭಾರ ಕರಾವಳಿಯವರ ಕಣ್ಣಿಗೆ ಬಿತ್ತು, ಅವನ ಮನಸ್ಸಿನ ದೂರ ಉಳಿದವರ ಕಣ್ಣಿಗೆ ಬಿತ್ತು.

ಕನ್ನಡದ ಸೊಗಸು ಏನೆಂದರೆ, ಈ ಎರಡು ಅರ್ಥಗಳನ್ನು ನಮ್ಮ ವಿಭಕ್ತಿಗಳೇ ಬೇರ್ಪಡಿಸಿಬಿಟ್ಟಿವೆ. ಆಲಸ್ಯದ ಅರ್ಥ ಬಂದಾಗ ಮನುಷ್ಯ ಚತುರ್ಥಿಯಲ್ಲಿರುತ್ತಾನೆ: ‘ನನಗೆ ಹೋಗಲು ಉದಾಸೀನ’, ‘ಅವನಿಗೆ ಏಳಲು ಉದಾಸೀನ’. ಹಸಿವು, ನಿದ್ದೆ, ಬಾಯಾರಿಕೆಗಳಂತೆ ಅದು ಅವನಿಗೆ ಆಗುವಂಥದು. ಕಡೆಗಣಿಸುವ ಅರ್ಥ ಬಂದಾಗ ಮನುಷ್ಯ ಕರ್ತೃವಾಗುತ್ತಾನೆ, ಕಡೆಗಣಿಸಲ್ಪಟ್ಟದ್ದು ಕರ್ಮವಾಗುತ್ತದೆ: ‘ನಾನು ಶಾಲೆಯನ್ನು ಉದಾಸೀನ ಮಾಡಿದೆ’. ಅದು ಅವನು ಮಾಡುವಂಥದು, ಆದ್ದರಿಂದ ಅದರ ಹೊಣೆಯೂ ಅವನದೇ. ಈ ಒಂದು ಭೇದವನ್ನು ಮಗಳಿಗೆ ಮನದಟ್ಟು ಮಾಡಿಸಿದರೆ ಸಾಕು, ಅಜ್ಜಿಯ ಮಾತನ್ನೂ ಕಳೆದುಕೊಳ್ಳದೆ ಪರೀಕ್ಷೆಯ ವಾಕ್ಯವನ್ನೂ ಅವಳು ಸರಿಯಾಗಿ ಬರೆಯುತ್ತಾಳೆ.

ಬರೆಹದ ಉದಾಸೀನಕ್ಕೂ ಸೋಮಾರಿತನಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ನಮ್ಮ ಸೀಮೆಯ ಒಂದು ಗಾದೆಗಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ: ‘ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪೀತೆ?’ ಇದನ್ನು ಹೇಳುತ್ತಿರುವ ಹೆಂಗಸು ಸೋಮಾರಿಯಲ್ಲ. ಬೆಳಗಿನ ಜಾವಕ್ಕೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತವಳು. ಅವಳ ಕೈ ಬಿಡುವಿಲ್ಲದೆ ತಿರುಗುತ್ತಿದೆ, ಆದರೆ ಸಿಂಹಾಸನದ ಮೇಲೆ ಯಾರಿದ್ದಾರೆ ಎಂಬ ವಿಷಯದಲ್ಲಿ ಅವಳ ಮನಸ್ಸು ಹೊರಗೆ ಕುಳಿತಿದೆ. ರಾಜ್ಯಭಾರದ ಬಗ್ಗೆ ಅವಳದು ಉದಾಸೀನ. ಅವಳಿಗೆ ಆಲಸ್ಯ ಎಂದು ಬರೆದರೆ ಮಹಾ ಅನ್ಯಾಯವಾಗುತ್ತದೆ.

ರೂಪಗಳ ವಿಷಯ. ‘ಔದಾಸೀನ್ಯ’, ‘ಉದಾಸೀನತೆ’ ಎರಡೂ ಸರಿ. ಗುಣವಾಚಕದಿಂದ ಭಾವನಾಮ ಮಾಡಲು ಸಂಸ್ಕೃತದಲ್ಲಿ ಎರಡು ದಾರಿಗಳಿವೆ. ಒಂದು, ಕೊನೆಗೆ ‘ತೆ’ ಹಚ್ಚುವುದು: ಸುಂದರತೆ, ಉದಾಸೀನತೆ. ಇನ್ನೊಂದು, ಕೊನೆಗೆ ‘ಯ’ಕಾರ ಸೇರಿಸಿ ಮೊದಲ ಸ್ವರವನ್ನು ಹಿಗ್ಗಿಸುವುದು: ಸುಂದರದಿಂದ ಸೌಂದರ್ಯ, ಉದಾರದಿಂದ ಔದಾರ್ಯ, ಉಚಿತದಿಂದ ಔಚಿತ್ಯ, ಅಲಸದಿಂದ ಆಲಸ್ಯ, ಹಾಗೆಯೇ ಉದಾಸೀನದಿಂದ ಔದಾಸೀನ್ಯ. ನಮ್ಮ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಮಗಳನ್ನು ಕರೆದುಕೊಂಡು ಹೋದಾಗ ಇದನ್ನು ನೆನಪಿಸಬಹುದು. ಹನ್ನೆರಡನೆಯ ಶತಮಾನದ ಬೊಪ್ಪಣ ಪಂಡಿತ ಗೊಮ್ಮಟನನ್ನು ಹೊಗಳಿ ಬರೆದ ಶಾಸನಪದ್ಯದಲ್ಲಿ, ಅತಿ ಎತ್ತರದ ಆಕಾರಕ್ಕೆ ಚೆಲುವು ಒದಗುವುದು ಕಷ್ಟ, ಎತ್ತರವೂ ಚೆಲುವೂ ಇದ್ದರೆ ಅತಿಶಯ ಒದಗುವುದು ಕಷ್ಟ, ಇಲ್ಲಿ ಮೂರೂ ಕೂಡಿವೆ ಎಂಬ ಮಾತು ಬರುತ್ತದೆ. ಅಲ್ಲಿ ಅವನು ಬಳಸಿದ ಪದಗಳು ‘ಔನ್ನತ್ಯ’ ಮತ್ತು ‘ಸೌಂದರ್ಯ’. ಉನ್ನತ ಔನ್ನತ್ಯವಾದ ದಾರಿಯಲ್ಲಿಯೇ ಉದಾಸೀನ ಔದಾಸೀನ್ಯವಾಗಿದೆ.

ಆದರೆ ಎರಡು ದಾರಿಗಳಲ್ಲಿ ಒಟ್ಟಿಗೆ ನಡೆಯಬಾರದು. ‘ಔದಾಸೀನ್ಯತೆ’ ತಪ್ಪು, ‘ಸೌಂದರ್ಯತೆ’, ‘ಔದಾರ್ಯತೆ’ಗಳು ತಪ್ಪಾದಂತೆಯೇ, ಭಾವನಾಮಕ್ಕೆ ಮತ್ತೊಮ್ಮೆ ಭಾವಪ್ರತ್ಯಯ ಹಚ್ಚಿದಂತಾಗುತ್ತದೆ. ವೇದಿಕೆಯ ಭಾಷಣಗಳಲ್ಲಿಯೂ ಮನವಿಪತ್ರಗಳಲ್ಲಿಯೂ ಇದು ಬಹಳ ಕಾಣುತ್ತದೆ, ತಿದ್ದಿಕೊಳ್ಳುವುದು ಒಳ್ಳೆಯದು. ಕಾಗುಣಿತದಲ್ಲಿ ‘ಸೀ’ ದೀರ್ಘವೆಂಬುದನ್ನು ಮರೆಯಬಾರದು. ‘ಉದಾಸಿನ’ ಎಂದು ಬರೆದರೆ ಅಂಕ ಹೋಗುತ್ತದೆ. ಕನ್ನಡದಲ್ಲಿ ‘ಉದಾಸೀನ’ ಎಂಬುದೇ ಭಾವನಾಮದ ಕೆಲಸ ಮಾಡುತ್ತಿರುವುದರಿಂದ, ಔದಾಸೀನ್ಯವನ್ನು ಗಂಭೀರವಾದ ಪ್ರಬಂಧಕ್ಕೆ ಇಟ್ಟುಕೊಂಡು ಉಳಿದ ಕಡೆಯಲ್ಲಿ ಉದಾಸೀನವನ್ನೇ ಬಳಸುವುದು ನನಗೆ ಹಿತವೆನಿಸುತ್ತದೆ. ಒಂದು ಮಾತು ಮಾತ್ರ: ‘ಔದಾಸೀನ್ಯ ಮಾಡು’ ಎಂಬ ಬಳಕೆ ಇಲ್ಲ, ‘ಔದಾಸೀನ್ಯ ತೋರು’, ‘ಔದಾಸೀನ್ಯ ತಾಳು’ ಎನ್ನಬೇಕು. ಹಿಂದಿಯಲ್ಲಿ ‘ಉದಾಸ್’ ಎಂದರೆ ದುಃಖಿತ, ಖಿನ್ನ. ಹಿಂದಿಯನ್ನೂ ಕಲಿಯುತ್ತಿರುವ ಮಕ್ಕಳು ಆ ಅರ್ಥವನ್ನು ಇಲ್ಲಿಗೆ ತಂದು ‘ಗೆಳತಿ ಊರಿಗೆ ಹೋದದ್ದರಿಂದ ನಾನು ಉದಾಸೀನಳಾದೆ’ ಎಂದು ಬರೆಯುವುದುಂಟು. ಬರೆದವಳ ಮನಸ್ಸಿನಲ್ಲಿರುವುದಕ್ಕೆ ನೇರ ವಿರುದ್ಧವಾದ ಅರ್ಥವನ್ನು ಆ ವಾಕ್ಯ ಕೊಡುತ್ತದೆ.

ನಿರ್ಲಕ್ಷ್ಯವನ್ನು ಉದಾಸೀನದ ಸಮಾನಾರ್ಥಕವೆಂದು ಪಟ್ಟಿಗಳಲ್ಲಿ ಕೊಡುತ್ತಾರೆ. ಹತ್ತಿರದ್ದು ನಿಜ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಎಲ್ಲ ಕಡೆಯಲ್ಲಿಯೂ ಇಡಲು ಆಗುವುದಿಲ್ಲ. ಲಕ್ಷ್ಯ ಎಂದರೆ ಗಮನ. ಗಮನ ಇಲ್ಲದಿರುವುದು ನಿರ್ಲಕ್ಷ್ಯ. ಉದಾಸೀನ ಮನಸ್ಸಿನ ಮಾತು, ನಿರ್ಲಕ್ಷ್ಯ ಕರ್ತವ್ಯದ ಮಾತು. ಆದ್ದರಿಂದ ಕಾನೂನಿಗೆ ಬೇಕಾದ ಪದ ನಿರ್ಲಕ್ಷ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವ ಅಪರಾಧವನ್ನು ಹೇಳುತ್ತದೆ. ಅಲ್ಲಿ ಚಾಲಕನ ಮನಸ್ಸು ಎಷ್ಟು ದೂರ ಕುಳಿತಿತ್ತು ಎಂಬುದಕ್ಕಿಂತ, ವಹಿಸಬೇಕಾದ ಎಚ್ಚರವನ್ನು ವಹಿಸಿದನೇ ಇಲ್ಲವೇ ಎಂಬುದು ಮುಖ್ಯವಾಗುತ್ತದೆ. ‘ವೈದ್ಯಕೀಯ ನಿರ್ಲಕ್ಷ್ಯ’ ಎಂದು ಹೇಳುತ್ತೇವೆ, ‘ವೈದ್ಯಕೀಯ ಉದಾಸೀನ’ ಎನ್ನುವುದಿಲ್ಲ. ಹಾಗೆಯೇ ಮನಸ್ಸಿನಲ್ಲಿ ಉದಾಸೀನ ಇಲ್ಲದೆಯೂ ನಿರ್ಲಕ್ಷ್ಯ ಆಗಬಹುದು: ‘ಅತ್ತೆಯ ಆರೈಕೆಯಲ್ಲಿ ಮುಳುಗಿದ್ದ ಅವಳು ತನ್ನ ಆರೋಗ್ಯವನ್ನು ನಿರ್ಲಕ್ಷಿಸಿದಳು’ ಎಂಬ ವಾಕ್ಯದಲ್ಲಿ ಇರುವುದು ಬಿಡುವಿಲ್ಲದ ದುಡಿಮೆ, ಅಲ್ಲಿ ಉದಾಸೀನವೆಂಬ ಪದ ಇಟ್ಟರೆ ಆಕೆಯ ಮೇಲೆ ಇಲ್ಲದ ದೋಷ ಹೊರಿಸಿದಂತೆ. ಬರೆಯುವಾಗ ‘ನಿರ್ಲಕ್ಷ್ಯ’ದಲ್ಲಿ ಯಕಾರದ ಒತ್ತು ಇರಬೇಕು, ‘ನಿರ್ಲಕ್ಷ’ ಎಂದರೆ ಲಕ್ಷ ರೂಪಾಯಿಯ ಲಕ್ಷ ನೆನಪಾಗುತ್ತದೆ. ಆದರೆ ಕ್ರಿಯಾಪದವಾದಾಗ ‘ಲಕ್ಷಿಸು’ ಎಂಬುದರಂತೆ ಯಕಾರ ಬಿದ್ದು ‘ನಿರ್ಲಕ್ಷಿಸು’ ಆಗುತ್ತದೆ, ‘ನಿರ್ಲಕ್ಷ್ಯಿಸು’ ಅಲ್ಲ.

ಅಸಡ್ಡೆ ನನಗೆ ಬಹಳ ಪ್ರೀತಿಯ ಪದ. ಅದು ‘ಅಶ್ರದ್ಧೆ’ಯ ತದ್ಭವ, ಶ್ರದ್ಧೆ ಪ್ರಾಕೃತದ ಬಾಯಲ್ಲಿ ನುರಿತು ಸಡ್ಡೆಯ ರೂಪ ತಾಳಿ ಕನ್ನಡಕ್ಕೆ ಇಳಿದಿದೆ. ಇಂತಹ ಮಾರ್ಪಾಟುಗಳ ಹಾದಿಯನ್ನು ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ವಿವರಿಸಿದ್ದಾನೆ. ಅಶ್ರದ್ಧೆ ಮತ್ತು ಅಸಡ್ಡೆ ಎರಡೂ ಇವತ್ತು ಬಳಕೆಯಲ್ಲಿವೆ, ಆದರೆ ಬೇರೆ ಬೇರೆ ಕೆಲಸ ಮಾಡುತ್ತವೆ. ಅಶ್ರದ್ಧೆ ಓದಿಗೆ, ಪೂಜೆಗೆ, ಕೆಲಸಕ್ಕೆ ಸಲ್ಲುತ್ತದೆ. ಅಸಡ್ಡೆ ಹೆಚ್ಚಾಗಿ ಮನುಷ್ಯರ ನಡುವೆ ಬರುತ್ತದೆ ಮತ್ತು ಅದಕ್ಕೆ ಗುರಿಯಾದವರಿಗೆ ನೋವಾಗಿದೆ ಎಂಬುದನ್ನೂ ಸೂಚಿಸುತ್ತದೆ. ‘ಬಡವರ ಮನೆಯ ಮದುವೆಯೆಂದು ನೆಂಟರು ಅಸಡ್ಡೆ ಮಾಡಿದರು’ ಎಂದಾಗ ಆ ಮನೆಯವರ ಮುಖ ಕಣ್ಣಿಗೆ ಕಟ್ಟುತ್ತದೆ. ‘ಉದಾಸೀನ ಮಾಡಿದರು’ ಎಂದರೆ ಅಷ್ಟು ಕಟ್ಟುವುದಿಲ್ಲ. ನಮ್ಮ ಹಾಸನದ ಹಳ್ಳಿಗಳಲ್ಲಿ ‘ಸಸಾರ ಮಾಡು’ ಎಂಬ ಮಾತೂ ಇದೆ: ಸುಲಭವಾಗಿ ಸಿಕ್ಕಿದ್ದನ್ನು ಅಗ್ಗವೆಂದು ಎಣಿಸುವುದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಹೇಳುವ ಮನೋಭಾವಕ್ಕೆ ಸಸಾರಕ್ಕಿಂತ ಒಪ್ಪುವ ಪದವಿಲ್ಲ. ತಾತ್ಸಾರ ಇವೆಲ್ಲಕ್ಕಿಂತ ಕಟು. ಅದರಲ್ಲಿ ಎದುರಿನವರನ್ನು ಕೀಳಾಗಿ ಕಾಣುವುದು ಸೇರಿದೆ. ತಾತ್ಸಾರದ ನಗೆ ಇರಬಹುದು. ಉದಾಸೀನನ ಮುಖದಲ್ಲಿ ಆ ನಗೆಯೂ ಇರುವುದಿಲ್ಲ, ನಗಬೇಕಾದರೂ ಎದುರಿನವರನ್ನು ಅಷ್ಟು ಲೆಕ್ಕಕ್ಕೆ ಇಟ್ಟುಕೊಂಡಿರಬೇಕಲ್ಲ.

ಹೊಗಳಬೇಕಾದಾಗ ಮಾತ್ರ ಉದಾಸೀನವನ್ನು ಇಂದು ಬಳಸದಿರುವುದು ಲೇಸು; ಅದರ ಹಳೆಯ ಗೌರವಾರ್ಥವನ್ನು ಈಗ ತಟಸ್ಥ, ನಿರ್ಲಿಪ್ತ ಎಂಬ ಪದಗಳು ಹಂಚಿಕೊಂಡಿವೆ. ತಟ ಎಂದರೆ ದಡ. ಹೇಮಾವತಿ ತುಂಬಿ ಹರಿಯುವಾಗ ನೀರಿಗಿಳಿಯದೆ ದಡದಲ್ಲಿ ನಿಂತವನು ತಟಸ್ಥ. ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಯಾರ ಕಡೆಗೂ ವಾಲದ ಹಿರಿಯರನ್ನು ಹಾಗೆನ್ನಬೇಕು. ನಿರ್ಲಿಪ್ತ ಎಂದರೆ ಅಂಟಿಸಿಕೊಳ್ಳದವನು, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ. ಕಾಲಿನ ಪಕ್ಕದಲ್ಲಿ ಹುತ್ತ ಬೆಳೆದು ತೋಳಿಗೆ ಬಳ್ಳಿ ಹಬ್ಬಿದರೂ ಕದಲದೆ ನಿಂತ ಬೆಳಗೊಳದ ಗೊಮ್ಮಟನ ಮುಖವನ್ನು ನಿರ್ಲಿಪ್ತವೆಂದು ಬಣ್ಣಿಸಬೇಕು. ಉದಾಸೀನವೆಂದು ಬರೆದರೆ ಸಂಸ್ಕೃತ ಬಲ್ಲವರು ಒಪ್ಪಬಹುದು, ಇಂದಿನ ಕನ್ನಡದ ಓದುಗರಿಗೆ ಅಪಚಾರವೆನಿಸುತ್ತದೆ. ಉಪೇಕ್ಷೆಯ ಕಥೆಯೂ ಇದೇ: ಪತಂಜಲಿಯ ಯೋಗಸೂತ್ರದಲ್ಲಿ ಮೈತ್ರಿ, ಕರುಣೆ, ಮುದಿತೆಗಳ ಜೊತೆ ಸಾಧಕನು ಬೆಳೆಸಿಕೊಳ್ಳಬೇಕಾದ ಗುಣವಾಗಿದ್ದ ಅದು ಕನ್ನಡದ ನಿತ್ಯಬಳಕೆಯಲ್ಲಿ ಕಡೆಗಣಿಸುವುದು ಎಂಬಲ್ಲಿಗೆ ಬಂದು ನಿಂತಿದೆ.

ಕೊನೆಯದಾಗಿ ‘ಸ್ವಂತ ವಾಕ್ಯ’ದ ವಿಷಯ. ‘ಉದಾಸೀನ ಒಳ್ಳೆಯದಲ್ಲ’, ‘ನಾವು ಉದಾಸೀನ ಮಾಡಬಾರದು’ ಎಂಬವು ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ವಾಕ್ಯಗಳು. ಅವುಗಳಲ್ಲಿ ವ್ಯಾಕರಣ ಸರಿಯಿದೆ, ಆದರೆ ಉದಾಸೀನದ ಜಾಗದಲ್ಲಿ ‘ಕೋಪ’ ಅಥವಾ ‘ಜಗಳ’ ಎಂದು ಇಟ್ಟರೂ ವಾಕ್ಯ ಹಾಗೆಯೇ ನಿಲ್ಲುತ್ತದೆ. ಬರೆದವನಿಗೆ ಪದದ ಅರ್ಥ ತಿಳಿದಿದೆಯೆಂದು ಅದು ತೋರಿಸಿಕೊಡುವುದಿಲ್ಲ. ಬೇರೆ ಪದ ಇಟ್ಟರೆ ವಾಕ್ಯ ಕೆಡಬೇಕು, ಅಂಥ ವಾಕ್ಯ ಬರೆಯಬೇಕು. ಆಲೂರಿನ ಕಡೆಯ ಹುಡುಗನೊಬ್ಬ ಒಮ್ಮೆ ‘ಆನೆ ಬಂದು ಗದ್ದೆ ತುಳಿದರೂ ಉದಾಸೀನ ಮಾಡಿದರು’ ಎಂದು ಬರೆದಿದ್ದ. ಕಾಡಾನೆಯ ಕಾಟವನ್ನು ಕಣ್ಣಾರೆ ಕಂಡ ಮನೆಯ ಹುಡುಗ. ವಿಷಯ ಅವನ ಎದೆಯಿಂದಲೇ ಬಂದಿತ್ತು. ಆದರೆ ಯಾರು, ಯಾವುದನ್ನು ಎಂಬ ಎರಡೂ ಅದರಲ್ಲಿ ಇರಲಿಲ್ಲ. ‘ಯಾರು ಮಾಡಿದ್ದು, ಏನನ್ನು ಮಾಡಿದ್ದು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಆನೆಗಳು ಮೂರು ರಾತ್ರಿ ಗದ್ದೆ ತುಳಿದರೂ, ನೋಡಿಕೊಳ್ಳಬೇಕಾದವರು ನಮ್ಮ ತಂದೆಯ ಅರ್ಜಿಯನ್ನು ಉದಾಸೀನ ಮಾಡಿದರು’ ಎಂದು ತಿದ್ದಿ ತಂದ. ಅದಕ್ಕಿಂತ ಒಳ್ಳೆಯ ಸ್ವಂತ ವಾಕ್ಯವನ್ನು ನಾನು ಆ ವರ್ಷ ಓದಲಿಲ್ಲ.

ನಿಮ್ಮ ಮಗಳು ತನ್ನ ಮಳೆಯನ್ನೂ ಶಾಲೆಯನ್ನೂ ಬಿಡಬೇಕಾಗಿಲ್ಲ. ‘ಮಳೆಗಾಲದ ನೆಗಡಿ ತಾನೆ ಎಂದು ಉದಾಸೀನ ಮಾಡಿದ್ದರಿಂದ ಒಂದು ವಾರ ಶಾಲೆ ತಪ್ಪಿತು’ ಎಂದು ಬರೆದರೆ ಪೂರ್ಣ ಅಂಕ ಕೊಡಬಹುದಾದ ವಾಕ್ಯ. ‘ನೆಗಡಿ ತಾನೆ’ ಎಂಬ ಎರಡು ಪದಗಳಲ್ಲಿಯೇ ಉದಾಸೀನದ ಅರ್ಥವೆಲ್ಲ ಬಂದುಬಿಟ್ಟಿದೆ. ಇನ್ನು ಅವಳ ಮೊದಲ ವಾಕ್ಯಕ್ಕೂ ಜಾಗವಿದೆ. ಮುಂದೆ ‘ನನ್ನ ಅಜ್ಜಿ’ ಎಂದು ಪ್ರಬಂಧ ಬರೆಯಲು ಹೇಳಿದಾಗ ಅವಳು ಹೀಗೆ ಶುರುಮಾಡಲಿ: ‘ಹೊರಗೆ ಜಡಿಮಳೆ. “ತೋಟಕ್ಕೆ ಹೋಗ್ಲಿಕ್ಕೆ ಉದಾಸೀನ ಆಗ್ತದೆ ಮಾರಾಯ್ತಿ” ಎನ್ನುತ್ತಲೇ ಅಜ್ಜಿ ಕಂಬಳಿ ಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿದೇಬಿಟ್ಟರು.’